ಲಾರಿಯ ಮೂಗಿಗೆ ಚೆಂಡುಹೂವು

ಹಳದಿ, ಏನೋ ಹಳದಿ ಕನ್ನಡಿಯಲ್ಲಿ ಮಿಂಚಿ ಹೋಯಿತು, ತಿರುಗಿ ನೋಡುವಷ್ಟರಲ್ಲಿ ಇಲ್ಲ, ಚಿಟ್ಟೆ ಇರಬೇಕು, ಮಾಚೇನಹಳ್ಳಿ ದಾಟಿತು, ಶಿವಮೊಗ್ಗ ಇನ್ನೇನು ಬಂತು, ಚಿಟ್ಟೆ ನೋಡುವ ಹೊತ್ತೇ ಇದು ಶಾಂಭವಿ, ಹೊಗೆ ನೋಡು — ಹೊಗೆ ಇಲ್ಲ, ಇಲ್ಲವೇ ಇಲ್ಲ, ಕುಣಿಯಬೇಕು ಅನ್ನಿಸುತ್ತಿದೆ, ಆದರೆ ಪಕ್ಕದಲ್ಲಿ ಅಪ್ಪಾಜಿ, ಹೆಗಲ ಮೇಲೆ ಆ ಬಿಳಿ ಟವೆಲ್, ಅತ್ತ ಸ್ಟೇರಿಂಗ್ ಹಿಡಿದು ಗುನುಗುತ್ತಿರುವ ಹೂವಕ್ಕ, ಲಾರಿ ಅವಳದೇ, ರೈಸ್‌ಮಿಲ್ಲಿನ ತೌಡು ಹೊರುವ ಲಾರಿ. ಭದ್ರಾವತಿಯ ನಮ್ಮ ಶೆಡ್ಡಿನಲ್ಲಿ ನಲವತ್ತು ವರ್ಷದಿಂದ ಪರೀಕ್ಷೆ ಒಂದೇ, ಇಂಜಿನ್ ಕೆಲಸ ಮುಗಿದರೆ ಅಪ್ಪಾಜಿ ಆ ಟವೆಲ್ಲನ್ನು ಸೈಲೆನ್ಸರ್ ಬಾಯಿಗೆ ಹಿಡಿಯುತ್ತಾರೆ, ಬಿಳಿಯಾಗೇ ಉಳಿದರೆ ಉಜ್ಜನಪ್ಪನ ಕೆಲಸ, ಆ ಟವೆಲ್ಲನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ಅಂಥವರೇ ಐದು ವರ್ಷದ ಹಿಂದೆ ಈ ಲಾರಿಗೆ ತಗಡು ಬಡಿದರು, ಹೊಗೆಯಲ್ಲಿ ಒಂದು ಪಾಲು ಇಂಜಿನ್ನಿಗೆ ಮರಳುವ ದಾರಿಗೇ ತಗಡು, ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಜಾಲರಿ ಕಿತ್ತು ಮೂಲೆಗೆ, ಕೇಳಿದರೆ, ಪಿಕಪ್ ಬರ್ಬೇಕಲ್ಲ ಮಗಳೇ, ಎಲ್ರೂ ಹಂಗೇ ಮಾಡೋದು. ಎಲ್ಲರೂ ಮಾಡಿದರೆ ನಾನೂ ಮಾಡಬೇಕೇ, ತಗಡು ತೆಗೆದೆ, ಹೊಸ ಜಾಲರಿ ಕೂರಿಸಿದೆ, ಚಕ್ರದ ಪಕ್ಕ ಬಿಸಿಗಾಳಿ, ಧೂಳು ಎಳೆಯುತ್ತಿದ್ದ ಗಾಳಿ ಕೊಳವೆಯನ್ನು ಕ್ಯಾಬಿನ್ನಿನ ಹಿಂದಿನಿಂದ ಮೇಲಕ್ಕೆ ಎತ್ತಿದೆ, ಲಾರಿಯ ಮೂಗು ಈಗ ಆಕಾಶದ ಕಡೆ, ಉಸಿರು ಸಲೀಸಾದ್ರೆ ಪಿಕಪ್ ತಾನಾಗೇ ಬರುತ್ತೆ ಅಪ್ಪಾಜಿ. ಅಪ್ಪಾಜಿ ಷರತ್ತು ಹಾಕಿದರು, ಹೊಗೆ ಪರೀಕ್ಷೇಲಿ ಫೇಲಾದ್ರೆ ತಗಡು ನಾನೇ ವಾಪಸ್ ಹಾಕ್ತೀನಿ, ಆಮೇಲೆ ನೀನು ಸ್ಪ್ಯಾನರ್ ಮುಟ್ಟೋ ಹಂಗಿಲ್ಲ, ಫೋನ್ ಎತ್ಕೊಂಡು ಕೂತಿರ್ಬೇಕು. ಆಯ್ತು ಅಂದುಬಿಟ್ಟೆ, ನನ್ನ ಬಾಯಿ ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ.

ಶಿವಮೊಗ್ಗದ ಹೊಗೆ ಪರೀಕ್ಷೆ ಕೇಂದ್ರ, ಸೈಲೆನ್ಸರಿಗೆ ಮೆಷಿನ್ನಿನ ಪೈಪು ತೂರಿಸಿದಾತ ಕೂಗುತ್ತಾನೆ, ಆಕ್ಸಿಲೇಟರ್ ಒತ್ತಿ ಮೇಡಂ, ಹೂವಕ್ಕ ಒತ್ತುತ್ತಾಳೆ — ಕಪ್ಪು, ಅಯ್ಯೋ ಶಿವನೇ, ಕಾಡಿಗೆ ಕಪ್ಪು. ಅಪ್ಪಾಜಿ ನನ್ನನ್ನು ನೋಡಿ ಕಣ್ಣು ಕೆಳಗೆ ಮಾಡಿದರು, ಫೋನು ಎತ್ತುವ ಕುರ್ಚಿ, ಹಲೋ ಉಜ್ಜನಪ್ಪ ಶೆಡ್ಡು ಹೇಳಿ, ಇನ್ನು ಜೀವನಪೂರ್ತಿ ಹಲೋ. ಅಲ್ಲ, ತಡಿ, ನಿನ್ನೆ ಸಂಜೆ ನನ್ನ ದುಪಟ್ಟಾ ಸೈಲೆನ್ಸರಿಗೆ ಹಿಡಿದಿದ್ದೆ, ಒಂದು ಮಚ್ಚೆ ಬಿದ್ದಿರಲಿಲ್ಲ, ನಿನ್ನೆ ಇದ್ದ ಉಸಿರು ಇವತ್ತು ಎಲ್ಲಿ ಹೋಯಿತು, ಉಸಿರು — ಹತ್ತು ನಿಮಿಷ ಕೊಡಿ ಸರ್, ಏರ್ ಫಿಲ್ಟರಿನ ಡಬ್ಬಿ ಬಿಚ್ಚುತ್ತೇನೆ, ಮುಚ್ಚಳ ತೆಗೆದರೆ ಹಳದಿ. ಹಳದಿಯೋ ಹಳದಿ, ಒದ್ದೆ ಚೆಂಡುಹೂವಿನ ಎಸಳು, ಫಿಲ್ಟರಿಗೆ ಮೆತ್ತಿಕೊಂಡು ಉಸಿರುಗಟ್ಟಿಸಿವೆ, ಕತ್ತೆತ್ತಿ ನೋಡಿದರೆ ಕೊಳವೆಯ ಬಾಯಿಯಲ್ಲಿ ದಾರವೊಂದು ಜೋತಾಡುತ್ತಿದೆ, ಹೂವಕ್ಕ! ಬೆಳಿಗ್ಗೆ ಪೂಜೆ ಮಾಡ್ದೆ ಮಾರಾಯ್ತಿ, ಹೊಸದಾಗಿ ಮೂಗು ಬಂದಿದೆ, ಬರೀ ಮೂಗು ಬಿಡೋಕಾಗುತ್ತಾ, ಒಂದು ಮಾರು ಹಾರ ಹಾಕ್ದೆ. ನಗು ಎಲ್ಲಿಂದ ಬಂತೋ, ಹೊಟ್ಟೆ ಹಿಡಿದು ನಕ್ಕೆ, ಅಪ್ಪಾಜಿಯೂ ನಕ್ಕರು, ಲಾರಿಗೇ ನೆಗಡಿ ಬರ್ಸಿದ್ಯಲ್ಲ ಹೂವಮ್ಮ, ನಗುತ್ತಲೇ ಹೆಗಲಿನ ಟವೆಲ್ ಎಳೆದು ನನ್ನ ಕಡೆ ಚಾಚಿದರು, ತಗೋ, ಇದ್ರಲ್ಲಿ ಒರೆಸು. ಟವೆಲ್! ನನ್ನ ಕೈಗೆ!

ಎಸಳೆಲ್ಲ ಒರೆಸಿ ತೆಗೆದು ಡಬ್ಬಿ ಮುಚ್ಚಿದೆ, ಎರಡನೇ ಸಲ ಹೂವಕ್ಕ ಒತ್ತಿದಳು, ಇಂಜಿನ್ ಕೂಗಿತು, ಸೈಲೆನ್ಸರಿನ ಬಾಯಲ್ಲಿ ಬಿಸಿಲು ನಡುಗಿತು, ಅಷ್ಟೇ, ಪಾಸ್ ಮೇಡಂ ಅಂದ ಆತ, ಅಪ್ಪಾಜಿಗೆ ಮೆಷಿನ್ ಮಾತು ಸಾಲದು, ಟವೆಲ್ ಇಸಿದುಕೊಂಡು ಕೊಡವಿದರು, ಮಂಡಿಯೂರಿ ತಾವೇ ಹಿಡಿದರು, ಒತ್ತು ಹೂವಮ್ಮ, ಇನ್ನೂ ಒತ್ತು, ಎದ್ದರು, ಬಿಡಿಸಿದರು, ಈ ಕಡೆ ನೋಡಿದರು, ಆ ಕಡೆ ನೋಡಿದರು, ಇನ್ನೂ ಮೂರು ಲಾರಿಗೆ ತಗಡು ಬಡಿದಿದೀನಿ ಶಾಂಭವಿ, ನಾಳೆ ಅವನ್ನೂ ಕರೆಸು, ನೀನೇ ಬಿಚ್ಚು, ನನಗೆ ಕಣ್ಣು ತುಂಬಿ ಏನೂ ಕಾಣುತ್ತಿಲ್ಲ, ಹೆಗಲ ಮೇಲೆ ಏನೋ ಬಿತ್ತು, ಬೆಚ್ಚಗೆ, ಡೀಸೆಲ್ ವಾಸನೆ, ನನ್ನ ಹೆಗಲ ಮೇಲೆ ಅಪ್ಪಾಜಿಯ ಟವೆಲ್, ಬಿಳಿ, ಬರೀ ಬಿಳಿ, ಅಂಚಿನಲ್ಲಿ ಅಂಟಿಕೊಂಡಿರುವ ಒಂದೇ ಒಂದು ಹಳದಿ ಎಸಳು