ಕೆಳಂತಸ್ತಿನ ಗುಂಪು

ಹೋದ ವರ್ಷ ದೊಡ್ಡಮನೆ ಮ್ಯೂಸಿಯಮ್ಮಿಗೆ ಪ್ರವಾಸ ಹೋದ ಆರನೇ ತರಗತಿಯ ಮಕ್ಕಳನ್ನು ಮೆಟ್ಟಿಲ ಕೆಳಗಿನ ಓಣಿಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಗುಡ್ಡದ ಮೇಲಿನ ಶಾಲೆಯ ಮಕ್ಕಳು ಮಾಲೀಕರ ವೇಷದಲ್ಲಿ ಮೆಟ್ಟಿಲಿಳಿದು ಅವರ ಬೆನ್ನ ಹಿಂದೆ ಹಾದುಹೋಗುವವರೆಗೂ ಅವರು ಹಾಗೇ ನಿಂತಿದ್ದರು. ಆಮೇಲೆ ಎಲ್ಲರಿಗೂ ಊಟ ಕೊಟ್ಟರು.

ಇದು ಸಮಾಜ ಪಾಠದ ಟೀಚರಿಗೆ ಗೊತ್ತಾದದ್ದು ಈ ವರ್ಷ, ಅದೂ ಶಾಲೆಯ ಆಯಾಳಿಂದ. ಹೋದ ವರ್ಷ ಟೀಚರ್ ಇನ್ನೂ ಈ ಶಾಲೆಗೆ ಬಂದಿರಲಿಲ್ಲ. ಈ ಸಲದ ಪ್ರವಾಸದ ಉಸ್ತುವಾರಿಯನ್ನು ಹೆಡ್‌ಮಾಸ್ಟರು ಅವಳ ತಲೆಗೆ ಕಟ್ಟಿದ್ದರು. ಸ್ಟಾಫ್ ರೂಮಿನಲ್ಲಿ ಕೂತು ಮಕ್ಕಳ ಕೊರಳಿಗೆ ಹಾಕುವ ಗುರುತಿನ ಚೀಟಿಗಳಿಗೆ ದಾರ ಪೋಣಿಸುತ್ತಿದ್ದಳು. ಆಯಾ ಬೆಂಚಿನ ಕೆಳಗೆ ನೆಲ ಒರೆಸುತ್ತಿದ್ದಳು.

"ಕಾಲೆತ್ತಿ ಟೀಚರ್. ಈ ಸಲಾನೂ ಅಲ್ಲಿಗೇನಾ?"

"ಹೂಂ. ಹೋದ್ಸಲ ನಿಮ್ಮ ಮಗಳೂ ಹೋಗಿದ್ಲಲ್ವಾ? ಹೇಗಿತ್ತಂತೆ?"

"ಚೆನ್ನಾಗೇ ಇತ್ತಂತೆ. ಕುದುರೆ ಇತ್ತಂತೆ, ಕುಲುಮೆ ಇತ್ತಂತೆ, ಹಳೇ ಕಾಲದ ಅಚ್ಚಿನ ಮಿಷನ್ನಲ್ಲಿ ಅವಳ ಹೆಸರು ಒತ್ತಿ ಕೊಟ್ರಂತೆ." ಆಯಾ ಬಟ್ಟೆಯನ್ನು ಬಕೆಟ್ಟಿನ ಮೇಲೆ ಹಿಂಡಿದಳು. ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದಳು. "ನಾನು ಸಂಜೆ ಹೊತ್ತು ಒಂದು ಮನೇಲಿ ಕೆಲಸ ಮಾಡ್ತೀನಲ್ಲ, ಅಲ್ಲಿಗೆ ಒಂದಿನ ಅವಳನ್ನೂ ಕರ್ಕೊಂಡು ಹೋದೆ. ಆ ಮನೆ ಅಮ್ಮ ರೂಮಿಂದ ಹೊರಗೆ ಬಂದ್ರು. ಬಂದಿದ್ದೇ ತಡ, ಇವಳು ಗಿರಕ್ಕನೆ ತಿರುಗಿ ಗೋಡೆಗೆ ಮುಖ ಹಾಕ್ಕೊಂಡು ನಿಂತ್ಬಿಟ್ಲು. ಹೆದರ್ಕೊಂಡ್ಲೇನೋ ಅಂದ್ಕೊಂಡೆ. ಅಲ್ಲ ಟೀಚರ್. 'ದೊಡ್ಡೋರು ಬಂದ್ರೆ ಹಿಂಗೇ ನಿಲ್ಬೇಕಮ್ಮಾ, ಮ್ಯೂಸಿಯಮ್ಮಲ್ಲಿ ಹೇಳ್ಕೊಟ್ಟಿದಾರೆ' ಅಂದ್ಲು."

"ಆ ಮನೆಯವರು ಏನಂದ್ರು?"

"ನಕ್ರು. ಎಷ್ಟು ಚೆನ್ನಾಗಿ ಕಲಿಸಿದಾರೆ ಅಂದ್ರು. ಬಿಸ್ಕತ್ತು ಕೊಟ್ರು." ಆಯಾ ಮತ್ತೆ ನೆಲಕ್ಕೆ ಬಗ್ಗಿದಳು. "ಮನೆಗೆ ಬಂದು ಕಪಾಳಕ್ಕೊಂದು ಬಿಟ್ಟೆ. ಪಾಪ, ಅವಳದ್ದೇನು ತಪ್ಪು? ಯಾರಿಗೆ ಬಿಡ್ಬೇಕಿತ್ತೋ ಅವ್ರು ಕೈಗೆ ಸಿಗಲಿಲ್ಲ."

ಟೀಚರ್ ದಾರ ಪೋಣಿಸುವುದನ್ನು ನಿಲ್ಲಿಸಿ ಎದ್ದು ಹೆಡ್‌ಮಾಸ್ಟರ ಕೋಣೆಗೆ ಹೋದಳು.

ಹೆಡ್‌ಮಾಸ್ಟರು ಕೆಟ್ಟವರಲ್ಲ. ಮಳೆಗಾಲದಲ್ಲಿ ಸೋರುವ ಕೋಣೆಯನ್ನು ತಾವಿಟ್ಟುಕೊಂಡು ಸೋರದ ಕೋಣೆಯನ್ನು ಒಂದನೇ ತರಗತಿಗೆ ಬಿಟ್ಟುಕೊಟ್ಟವರು. ಆದರೆ ಯಾರಾದರೂ ದನಿಯೆತ್ತಿದರೆ ಅವರಿಗೆ ಹೊಟ್ಟೆಯಲ್ಲಿ ಉರಿ ಶುರುವಾಗುತ್ತಿತ್ತು. ಈಗಲೂ ಡ್ರಾಯರ್ ಎಳೆದು ಮಾತ್ರೆ ಹುಡುಕಿದರು.

"ನೋಡಮ್ಮಾ, ಬಸ್ಸು ಅವರದು, ಊಟ ಅವರದು, ನಮ್ಮದು ಬರೀ ಮಕ್ಕಳು. ಬಿಟ್ಟಿಯಾಗಿ ನಮ್ಮನ್ನ ಕರೆಯೋ ಜಾಗ ಇನ್ನೊಂದಿದ್ರೆ ಹೇಳು, ನಾಳೇನೇ ಹೋಗೋಣ."

"ಗೋಡೆಗೆ ನಿಲ್ಲಿಸಿದ್ದು ನಿಮಗೆ ಗೊತ್ತಿತ್ತಾ ಸಾರ್?"

"ನಾಟಕ ಕಣಮ್ಮಾ ಅದು. ಆಗಿನ ಕಾಲದಲ್ಲಿ ಮಾಲೀಕರು ಬಂದ್ರೆ ಆಳುಗಳು ಮುಖ ತೋರಿಸೋ ಹಾಗಿರಲಿಲ್ಲವಂತೆ, ಅದನ್ನ ಮಾಡಿ ತೋರಿಸ್ತಾರೆ. ಕಳ್ಳನ ಪಾರ್ಟು ಮಾಡಿದೋನು ಕಳ್ಳ ಆಗ್ಬಿಡ್ತಾನಾ?"

"ಟಿಕೆಟ್ ಕೊಂಡೋರು ಯಾರು, ಬಿಟ್ಟಿ ಬಂದೋರು ಯಾರು ಅಂತ ನೋಡಿ ಪಾರ್ಟು ಹಂಚಿದ್ರೆ ಅದು ನಾಟಕ ಅಲ್ಲ ಸಾರ್."

ಹೆಡ್‌ಮಾಸ್ಟರು ಮಾತ್ರೆಯನ್ನು ನೀರಿಲ್ಲದೆ ನುಂಗಿದರು. "ಶನಿವಾರ ಮೀಟಿಂಗ್ ಇದೆ. ಎರಡೂ ಶಾಲೆಯವರು ಹೋಗಿ ದಿನದ ಕಾರ್ಯಕ್ರಮ ಗೊತ್ತು ಮಾಡ್ಕೊಂಡು ಬರ್ಬೇಕು. ನಾನೂ ಬರ್ತೀನಿ. ಮೆತ್ತಗೆ ಕೇಳು. ಕೇಳೋಕೇನು, ಕೇಳು. ಕೆಡಿಸ್ಕೊಂಡು ಮಾತ್ರ ಬರ್ಬೇಡ."

ತರಗತಿಯಲ್ಲಿ ಪ್ರವಾಸದ ಮಾತೆತ್ತಿದ ಕೂಡಲೇ ಬೆಂಚುಗಳು ಅಲುಗಾಡಿದವು. ಅಣ್ಣಂದಿರು, ಅಕ್ಕಂದಿರು ಹೇಳಿ ಹೇಳಿ ಮಕ್ಕಳಿಗೆ ಅಲ್ಲಿಯದೆಲ್ಲ ಬಾಯಿಪಾಠವಾಗಿತ್ತು: ಕುದುರೆಯನ್ನು ಮುಟ್ಟಲು ಬಿಡುತ್ತಾರೆ, ಹಿಟ್ಟಿನ ಗಿರಣಿಯ ಚಕ್ರವನ್ನು ತಿರುಗಿಸಬಹುದು, ಸಿಹಿಯನ್ನು ಎರಡನೇ ಸಲವೂ ಬಡಿಸುತ್ತಾರೆ.

"ಗೋಡೆಗೆ ನಿಲ್ಲಿಸ್ತಾರಂತಲ್ಲ, ಅದು?" ಟೀಚರ್ ಕೇಳಿದಳು.

ಮುಂದಿನ ಬೆಂಚಿನ, ಎರಡು ಜಡೆಯ ಮಾತುಗಾತಿ ಎದ್ದು ನಿಂತಳು. "ಅದೇನು ಟೀಚರ್, ಸುಮ್ನೆ ನಿಂತ್ಕೊಂಡ್ರೆ ಆಯ್ತು. ಆಮೇಲೆ ಕುದುರೆ ಹತ್ರ ಬಿಡ್ತಾರೆ."

ತರಗತಿ ಹೌದು ಹೌದೆಂದಿತು. ಇನ್ನೂ ಬಸ್ಸು ಹತ್ತದ ಮಕ್ಕಳು ಆಗಲೇ ತಿರುಗಿ ನಿಲ್ಲಲು ತಯಾರಾಗಿ ಕೂತಿದ್ದರು. ಪ್ರವಾಸವನ್ನೇ ರದ್ದು ಮಾಡಿದರೆ ಈ ಮುಖಗಳಿಗೆ ಏನು ಹೇಳುವುದು? ಕುದುರೆಯೂ ಇವರಿಗೆ ಸಿಗಬೇಕು, ಗೋಡೆಯೂ ತಪ್ಪಬೇಕು. ಎರಡನ್ನೂ ಕೇಳುತ್ತೇನೆ ಎಂದು ಅವಳು ಗಟ್ಟಿ ಮಾಡಿಕೊಂಡಳು.

ಶನಿವಾರ ಮ್ಯೂಸಿಯಂ ಜನರಿಗೆ ಮುಚ್ಚಿತ್ತು. ಕುಲುಮೆಯ ಹಿಂದೆ, ಹಳೇ ಕಾಲದ ಕಮ್ಮಾರನ ವೇಷದವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಆಟ ನೋಡುತ್ತಿದ್ದ. ಶಾಲಾ ಪ್ರವಾಸಗಳ ಸಂಯೋಜಕ ನಗುನಗುತ್ತ ಎದುರು ಬಂದ. ಎತ್ತರದ ಕರಿ ಟೋಪಿಯನ್ನು ಅವನು ಎಲ್ಲೂ ತೆಗೆಯುತ್ತಿರಲಿಲ್ಲವಾದ್ದರಿಂದ ಮಕ್ಕಳು ಅವನಿಗೆ ಟೋಪಿ ಸಾರ್ ಎಂದು ಹೆಸರಿಟ್ಟಿದ್ದರು. ಗುಡ್ಡದ ಶಾಲೆಯ ಮೇಡಂ ಆಗಲೇ ಬಂದು ಕೂತಿದ್ದಳು. ಕಣ್ಣ ಕೆಳಗೆ ಕಪ್ಪು, ಮಡಿಲಲ್ಲಿ ತಿದ್ದಲು ತಂದ ಪೇಪರುಗಳ ಕಟ್ಟು. ಅವಳನ್ನು ನೋಡಿದರೆ ಟೀಚರಿಗೆ ಜಗಳವಾಡಬೇಕೆನಿಸಲಿಲ್ಲ.

"ಮೇಲಂತಸ್ತಿನ ಗುಂಪು ಬೆಳಿಗ್ಗೆ ದೊಡ್ಡ ಹಾಲಿನಲ್ಲಿ ವೇಷ ಹಾಕ್ಕೊಳತ್ತೆ," ಟೋಪಿ ಸಾರ್ ಶುರು ಮಾಡಿದ. "ಕೆಳಂತಸ್ತಿನ ಗುಂಪು ಹಿಂಬಾಗಿಲಿಂದ ಬಂದು ಅಡುಗೆಮನೇಲಿ ಏಪ್ರನ್ ಕಟ್ಕೊಳತ್ತೆ. ಗಂಟೆ ಆದಾಗ..."

"ಮಧ್ಯಾಹ್ನ ಅದಲು ಬದಲು ಮಾಡೋಣ," ಟೀಚರ್ ನಡುವೆ ಬಾಯಿ ಹಾಕಿದಳು. "ಊಟದ ಮೇಲೆ ಅವರ ಮಕ್ಕಳು ಗೋಡೆ ನೋಡಲಿ, ನಮ್ಮವರು ಮೆಟ್ಟಿಲಿಳೀಲಿ. ಇಬ್ಬರಿಗೂ ಪಾಠ ಆಗತ್ತೆ."

ಟೋಪಿ ಸಾರ್ ನಗುವನ್ನು ಹಾಗೇ ಇಟ್ಟುಕೊಂಡ. "ಅವರು ಮೇಲಂತಸ್ತಿನ ಪ್ಯಾಕೇಜ್ ತಗೊಂಡಿದಾರೆ ಮೇಡಂ. ಅವರು ಕೊಡೋದ್ರಿಂದಾನೇ ನಿಮಗೆ ಬಸ್ಸು ಬಿಡೋಕೆ ಆಗ್ತಿರೋದು."

"ನಂದೇನೂ ಅಭ್ಯಂತರ ಇಲ್ಲ," ಗುಡ್ಡದ ಶಾಲೆಯ ಮೇಡಂ ಮೆಲ್ಲಗೆ ಹೇಳಿದಳು. "ಆದ್ರೆ ನಮ್ಮ ಪೇರೆಂಟ್ಸ್ ಫೋಟೋ ಕೇಳ್ತಾರೆ. ಗೋಡೆಗೆ ನಿಂತಿರೋ ಫೋಟೋ ಹೋಯ್ತು ಅಂದ್ರೆ ನನ್ನ ಸುಮ್ನೆ ಬಿಡಲ್ಲ."

"ನಮ್ಮ ಪೇರೆಂಟ್ಸ್ ಸುಮ್ನೆ ಬಿಡ್ತಾರೆ ಅಂತ ಹೇಗೆ ಗೊತ್ತಾಯ್ತು?"

"ಅಯ್ಯೋ, ಹಾಗಲ್ಲ... ಬೇಕಾದ್ರೆ ನಮ್ಮ ಮಕ್ಕಳು ಇಳಿಯೋವಾಗ ಥ್ಯಾಂಕ್ಯೂ ಅಂತ ಹೇಳಲಿ?"

"ಬೆನ್ನಿಗಾ?"

ಹೆಡ್‌ಮಾಸ್ಟರು ಕೆಮ್ಮಿದರು. ಟೋಪಿ ಸಾರ್ ಕುರ್ಚಿ ಮುಂದಕ್ಕೆ ಎಳೆದುಕೊಂಡ. "ಮೇಡಂ, ನೀವೇ ಸಮಾಜ ಪಾಠ ಮಾಡೋರು. ಇತಿಹಾಸ ಚೆನ್ನಾಗಿರಲಿಲ್ಲ ಅನ್ನೋ ಕಾರಣಕ್ಕೆ ಸುಳ್ಳು ಹೇಳೋಕಾಗತ್ತಾ? ಈ ಮನೇಲಿ ನಡೆದದ್ದೇ ಹಾಗೆ."

"ಸುಳ್ಳು ಬೇಡ, ಪೂರ್ತಿ ಹೇಳಿ. ತಿರುಗಲ್ಲ ಅಂದೋರು ಒಬ್ಬರಾದ್ರೂ ಇದ್ದಿರ್ಬೇಕಲ್ಲ? ಅವರ ಪಾರ್ಟು ಯಾಕಿಲ್ಲ?"

"ಅಂಥೋರು ಇದ್ದ ದಾಖಲೆ ನಮ್ಮ ಹತ್ರ ಇಲ್ಲ."

"ಹೇಗಿರತ್ತೆ? ದಾಖಲೆ ಬರೆದೋರು ಮೆಟ್ಟಿಲ ಮೇಲಿದ್ರು."

ಈಗ ನಗು ಹೋಯಿತು. ಆದರೂ ಅವನು ದನಿಯೇರಿಸಲಿಲ್ಲ. ಇಡೀ ದಿನದಲ್ಲಿ ಎಲ್ಲರಿಗೂ ನೆನಪುಳಿಯುವುದು ಆ ಮೆಟ್ಟಿಲಿನ ದೃಶ್ಯವೇ ಎಂದ. ಅದನ್ನು ಬಿಟ್ಟು ಕಾರ್ಯಕ್ರಮವಿಲ್ಲ ಎಂದ. ಬಸ್ಸಿಗಾಗಿ ಬೇರೆ ಶಾಲೆಗಳೂ ಕೇಳುತ್ತಿವೆ, ಇವತ್ತೇ ಒಂದು ತೀರ್ಮಾನ ಆಗಿಬಿಡಲಿ ಎಂದ. ಹೆಡ್‌ಮಾಸ್ಟರು ಅವನಿಗೂ ತಲೆಯಾಡಿಸಿದರು, ಟೀಚರ ಕಡೆಗೂ ತಲೆಯಾಡಿಸಿದರು.

"ಒಂದು ಕೆಲಸ ಮಾಡೋಣ," ಟೋಪಿ ಸಾರ್ ಎದ್ದ. "ಒಂದು ಸಲ ನೀವೇ ಮಾಡಿ ನೋಡಿ. ಅದರಲ್ಲಿ ಏನೂ ಇಲ್ಲ ಅಂತ ನಿಮಗೇ ಗೊತ್ತಾಗತ್ತೆ."

ಅವನು ಗುಡ್ಡದ ಶಾಲೆಯ ಮೇಡಂ ಜೊತೆ ಮೇಲಕ್ಕೆ ಹೋದ, ಇವರಿಬ್ಬರು ಅಡುಗೆಮನೆಗೆ ಬಂದರು. ಅಲ್ಲಿ ಗೂಟಕ್ಕೆ ಏಪ್ರನ್ನುಗಳು ತೂಗುತ್ತಿದ್ದವು. ಎಲ್ಲವೂ ಮಕ್ಕಳ ಅಳತೆಯವು. ಹೆಡ್‌ಮಾಸ್ಟರ ಹೊಟ್ಟೆಗೆ ದಾರ ಎಟುಕಲಿಲ್ಲ. "ನನ್ನ ಹೆಂಡತಿ ನೋಡಿದ್ರೆ ಮನೇಲೂ ಕಟ್ಟಿಸ್ತಾಳೆ," ಎಂದು ತಾವೇ ನಕ್ಕರು. ಯಾರೂ ನಗದ್ದರಿಂದ ದಾರವನ್ನು ಕೈಯಲ್ಲೇ ಹಿಡಿದುಕೊಂಡು ಓಣಿಗೆ ನಡೆದರು. ಅಡುಗೆಯವಳ ವೇಷದ ಹೆಂಗಸೊಬ್ಬಳು ಪಾತ್ರೆ ಉಜ್ಜುವುದನ್ನು ಬಿಟ್ಟು, ಅಭ್ಯಾಸಬಲದಿಂದಲೋ ಏನೋ, ಬಂದು ಸಾಲಿಗೆ ನಿಂತಳು.

ಓಣಿ ಕಿರಿದಾಗಿತ್ತು. ಒಂದು ಬದಿ ಮೆಟ್ಟಿಲು, ಇನ್ನೊಂದು ಬದಿ ಸುಣ್ಣ ಬಳಿದ ಗೋಡೆ. ಟೀಚರಿಗೆ ಮೊದಲು ಕಂಡದ್ದು ಗೋಡೆಯ ಮೇಲಿನ ಕಲೆ. ಅವಳ ಹೆಗಲಿನಿಂದ ಮೇಲೆ ಗೋಡೆ ಬೆಳ್ಳಗಿತ್ತು. ಅದಕ್ಕಿಂತ ಕೆಳಗೆ, ಹನ್ನೊಂದು ಹನ್ನೆರಡರ ಮಕ್ಕಳ ಹಣೆ ತಾಗುವಷ್ಟು ಎತ್ತರದಲ್ಲಿ, ಎಣ್ಣೆಗಪ್ಪು ಕಲೆಗಳು ಒಂದರ ಪಕ್ಕ ಒಂದು ಓಣಿಯುದ್ದಕ್ಕೂ ಸಾಲುಗಟ್ಟಿದ್ದವು. ಅಲ್ಲಲ್ಲಿ ಕಲೆಯ ಎರಡೂ ಪಕ್ಕ ಅಂಗೈಯ ಗುರುತು. ವರ್ಷ ವರ್ಷ ಬಸ್ಸಿನಲ್ಲಿ ಬಂದವರೆಲ್ಲ ಒರಗಿ ಹೋದ ಜಾಗ. ಅವಳು ಒಂದು ಕಲೆಯ ಮೇಲೆ ಬೆರಳಿಟ್ಟಳು. ನುಣ್ಣಗಿತ್ತು.

ಮೇಲೆ ಗಂಟೆ ಮೊಳಗಿತು.

ಹೆಡ್‌ಮಾಸ್ಟರು ತಿರುಗಿದರು. ಅಡುಗೆಯವಳು ತಿರುಗಿದಳು. ಟೀಚರ್ ಗೋಡೆಗೆ ಬೆನ್ನು ಕೊಟ್ಟು ಮೆಟ್ಟಿಲ ಕಡೆಗೆ ಮುಖ ಮಾಡಿ ನಿಂತಳು.

ಗುಡ್ಡದ ಶಾಲೆಯ ಮೇಡಂ, ಚೂಡಿದಾರದ ಮೇಲೆ ಮಾಲಕಿಯ ಜರತಾರಿ ಶಾಲು ಹೊದ್ದು, ಅರ್ಧ ಮೆಟ್ಟಿಲು ಇಳಿದು ಬಂದಳು. ಕೆಳಗೊಂದು ಮುಖ ಕಂಡು ಕಾಲು ತಡೆಯಿತು.

"ಮೇಡಂ, ತಿರುಗಬೇಕು," ಟೋಪಿ ಸಾರ್ ಮೇಲಿಂದ ಕೂಗಿದ.

"ತಿರುಗಮ್ಮಾ, ಒಂದು ನಿಮಿಷ," ಹೆಡ್‌ಮಾಸ್ಟರು ಗೋಡೆಗೇ ಹೇಳಿದರು. "ಬಸ್ಸು ಹೋಗ್ಬಿಡತ್ತೆ. ಆ ಮಕ್ಕಳಿಗೆ ಏನು ಹೇಳ್ತೀಯ?"

"ತಿರುಗಬೇಡಿ ಅಂತ ಹೇಳ್ತೀನಿ ಸಾರ್. ಅವರನ್ನ ಕರ್ಕೊಂಡೇ ಬರ್ತೀನಿ, ಬಸ್ಸಿಲ್ಲದಿದ್ರೆ ನಡೆಸ್ಕೊಂಡು ಬರ್ತೀನಿ. ಮುಂಬಾಗಿಲಿಂದ ಬರ್ತೀವಿ. ಯಾರೂ ತಿರುಗಲ್ಲ."

"ಇಲ್ಲಿನ ನಿಯಮ ಅದು!" ಟೋಪಿ ಸಾರ್ ಮತ್ತೆ ಗಂಟೆ ಹೊಡೆದ. ಈ ಸಲ ಜೋರಾಗಿ ಹೊಡೆದ. ಓಣಿಯಲ್ಲಿ ಅದರ ಸದ್ದು ಗೋಡೆಯಿಂದ ಗೋಡೆಗೆ ಹೋಗಿ ಬಂತು. "ತಿರುಗಿ ಮೇಡಂ."

"ಇಲ್ಲ."

ಸದ್ದು ಅಡಗಿತು. ಮೆಟ್ಟಿಲ ಮೇಲಿದ್ದವಳು ಇನ್ನೊಂದು ಹೆಜ್ಜೆ ಕೆಳಗಿಡಲಿಲ್ಲ, ಮೇಲಕ್ಕೂ ಹೋಗಲಿಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ, ಜಾರದ ಶಾಲನ್ನು ಮತ್ತೆ ಮತ್ತೆ ಹೆಗಲಿಗೆ ಎಳೆದುಕೊಳ್ಳುತ್ತಿದ್ದಳು. ಟೀಚರ್ ಅವಳನ್ನೇ ನೋಡುತ್ತ ನಿಂತಿದ್ದಳು.