ಕಾಲು ತೊಳೆಯುವ ಕಲ್ಲು

ತಿಳವಳ್ಳಿಯವರೆಲ್ಲ ಭತ್ತ ಬಿತ್ತಲು ಹೊರಟಿದ್ದರು. ಲಕ್ಕಪ್ಪ ಮಾತ್ರ ಪಡಸಾಲೆಯಲ್ಲಿ ಮಲಗಿ ನರಳುತ್ತಿದ್ದ. ಕಾಲಿಗೆ ನಾರು ಹುಣ್ಣು. ದಾರದಂಥ ಹುಳ ದಿನಾ ಚೂರುಚೂರೇ ಹೊರಬರುತ್ತಿತ್ತು. ಹೊಲ, ಮನೆ, ಮಗಳು ಎಲ್ಲವೂ ಹೆಂಡತಿ ಸಾವಂತ್ರವ್ವನ ತಲೆಯ ಮೇಲೆ. ಅವಳೂ ಮಲಗಿದರೆ ಆ ವರ್ಷದ ಅನ್ನ ಹೋದಂತೆಯೇ.

ಕೊಡ ಹೊತ್ತು ಮೆಟ್ಟಿಲು ಬಾವಿಗೆ ಬಂದರೆ, ಇಳಿಯುವ ದಾರಿಗೆ ಮುಳ್ಳಿನ ಬೇಲಿ! ಮೇಲೆ ಹೊಸ ರಾಟೆ. ಪಕ್ಕದಲ್ಲಿ ಗುದ್ಲೆಪ್ಪನವರು. ಹಾನಗಲ್ಲಿನಲ್ಲಿ ಗಾದಿ ಬಿಟ್ಟು ಏಳದೆ ಬಟ್ಟೆ ಅಂಗಡಿ ನಡೆಸಿದವರು. ಈಗ ಅಂಗಡಿ ಮಗನಿಗೆ ಬಿಟ್ಟು, ಊರಿಗೆ ಬಂದು ಪಂಚಾಯತಿ ಮೆಂಬರಾಗಿದ್ದಾರೆ. ಕುಳಿತು ಅಡಿಕೆ ಜಗಿಯುವುದು ಪುಣ್ಯಾತ್ಮರಿಗೆ ಒಗ್ಗಲಿಲ್ಲ.

"ಮುಳ್ಳು ತಗೀರಿ ಸಾವ್ಕಾರ್ರ. ಇಳದು ಕಾಲು ತೊಳಕೊಂಡ ಮ್ಯಾಲನ ಗಂಗವ್ವನ್ನ ತುಂಬಬೇಕು. ನಮ್ಮತ್ತಿ ಕಾಲದಿಂದ ನಡದು ಬಂದೈತಿ."

"ಅಲ್ಲೇ ಐತಿ ನೋಡವ್ವ ತಪ್ಪು. ಹುಣ್ಣಿನ ಕಾಲು ನೀರಿಗಿಟ್ರ ಆ ಹುಳ ಮರಿ ಬಿಡ್ತೈತಿ. ಆ ನೀರು ಕುಡದವರಿಗೆ ಬರೂ ವರ್ಷ ನಾರು ಏಳ್ತೈತಿ. ದವಾಖಾನಿ ಡಾಕ್ಟರು ಪಂಚಾಯತಿಗೆ ಬಂದು ಬಿಡಿಸಿ ಹೇಳ್ಯಾರ."

"ಅದು ಮೈಯಾಗಿನ ನರ ರೀ! ನೀರಾಗಿಂದ ಹೆಂಗ ಬರ್ತೈತಿ?" ಎನ್ನುತ್ತಲೇ ಸಾವಂತ್ರವ್ವ ಹಿಮ್ಮಡಿ ಕೆರೆದುಕೊಂಡಳು. ಅಲ್ಲೊಂದು ಬೊಬ್ಬೆ ಎದ್ದಿತ್ತು.

"ಉರಿತೈತೇನವ್ವ?"

"ನಿನ್ನಿಂದ ಉರಿಯಾಕತ್ತೈತ್ರಿ. ನೀರಾಗ ಇಟ್ರ ತಂಪಾಕೈತಿ, ಅದಕ..." ಅವಳು ಬಾವಿಯೊಳಗೆ ಬಗ್ಗಿ ನೋಡಿದಳು. "ಈ ನೀರು ನನ್ನ ಮಗಳೂ ಕುಡೀತಾಳಲ್ರಿ!"

"ಇಳೀಬ್ಯಾಡವ್ವ, ಅಷ್ಟ ಸಾಕು." ಗುದ್ಲೆಪ್ಪನವರು ಧೋತರ ಎತ್ತಿ ಕಟ್ಟಿ, ತಾವೇ ಸೇದಿ ಅವಳ ಕೊಡ ತುಂಬಿದರು. ಬಾವಿಯಿಂದ ದೂರ, ತಗ್ಗಿನ ಕಡೆ ಹಾಕಿಸಿದ್ದ ಚಪ್ಪಡಿ ಕಲ್ಲು ತೋರಿಸಿದರು. ತಮ್ಮ ಅಂಗಡಿಯಿಂದ ತರಿಸಿದ್ದ ಹೊಸ ಬಟ್ಟೆಯ ತುಂಡೊಂದನ್ನು ಅವಳ ಕೈಗಿಟ್ಟರು. "ಪದ್ಧತಿ ಬಿಡು ಅನ್ನೂದಿಲ್ಲ. ಕಾಲು ಅಲ್ಲಿ ತೊಳಕೊ, ಗಂಗವ್ವಗ ಇಲ್ಲಿಂದ ಕೈ ಮುಗಿ. ಈ ಅರಿವಿ ಒತ್ತಾಗಿ ನೇದದ್ದು, ಎರಡು ಪದರು ಮಾಡಿ ನೀರು ಸೋಸು. ಹುಣ್ಣು ದವಾಖಾನ್ಯಾಗ ತೋರಿಸು."

ಮನೆಯಲ್ಲಿ ಲಕ್ಕಪ್ಪ ನಕ್ಕ. "ನೀರು ಸೋಸಾಕ ಹೊಸಾ ಅರಿವಿ ಬೇಕಾತೇನು?"

"ನಿಮ್ಮ ಕಾಲು ನೋಡ್ಕೊಂಡು ಮಾತಾಡ್ರಿ," ಎಂದಳು ಸಾವಂತ್ರವ್ವ. ಅವನು ನೀರು ಕುಡಿಯುವ ಚರಿಗೆ ಮುಂದೆ ಹಿಡಿದ. ಅವಳು ಮಾತ್ರ ಸೋಸಿದ ನೀರನ್ನು ಮೊದಲು ಮಗಳಿಗೆ ಕೊಟ್ಟಳು.

ಮರುದಿನ ಕುಂಟುತ್ತ ಬಂದು ಬೇಲಿಯ ಮುಂದೆ ನಿಂತು, ಬಂದವರನ್ನೆಲ್ಲ ಕಲ್ಲಿನ ಕಡೆ ಕಳಿಸುತ್ತಿದ್ದವಳು ಅವಳೇ.

ಅವ್ವಗಳಿರಾ, ಅಣ್ಣಗಳಿರಾ, ನಿಮ್ಮೂರ ಬಾವಿಗೂ ಮೆಟ್ಟಿಲಿವೆಯಲ್ಲವೇ? ಹುಣ್ಣಿನ ಕಾಲು ನೀರಿಗೆ ಇಡಬೇಡಿ. ಮೇಲಿಂದ ಸೇದಿ, ಸೋಸಿ ಕುಡಿಯಿರಿ. ದುಡಿಮೆ ಮುಗಿಸಿ ಕಟ್ಟೆಯ ಮೇಲೆ ಕುಳಿತ ಹಿರಿಯರಿದ್ದರೆ, ಬಾವಿಯ ಹಗ್ಗವನ್ನು ಅವರ ಕೈಗೂ ಕೊಡಿ.