ಆರಿಸಿದರೂ ಕಣ್ಣು ಮುಚ್ಚದ ಬಲ್ಬು

ಸೊಸೆ ಶ್ವೇತ ಶ್ರೀರಂಗಪಟ್ಟಣದಿಂದ ಎಲ್‌ಇಡಿ ಬಲ್ಬು ತಂದು ಕೊಟ್ಟಿಗೆಗೆ ಹಾಕಿದ ದಿನವೇ ದ್ಯಾವಮ್ಮನಿಗೆ ಅದರ ಮೇಲೆ ಅನುಮಾನ ಹುಟ್ಟಿತು. ಹಳೇ ಬಲ್ಬಿನದು ತುಪ್ಪದ ಬಣ್ಣದ ಬೆಳಕು. ಚಳಿಗಾಲದಲ್ಲಿ ಕರು ಅದರ ಕೆಳಗೇ ಬಂದು ಮಲಗುತ್ತಿತ್ತು. ಇದೋ, ಸುಣ್ಣ ಬಳಿದಂಥ ಬೆಳಕು. ಮುಟ್ಟಿದರೆ ತಣ್ಣಗೆ.

"ಕಾವೇ ಇಲ್ದಿದ್ದು ಎಂಗವ್ವ ಉರೀತದೆ?"

"ಅದ್ಕೇ ಅತ್ತೆ, ಕರೆಂಟು ಕಮ್ಮಿ ಕುಡಿಯೋದು. ಹಳೇದು ಬೆಳಕಿಗಿಂತ ಬಿಸಿಗೇ ಜಾಸ್ತಿ ಸುರೀತಿತ್ತು."

"ಕಮ್ಮಿ ಉಣ್ಣೋ ಆಳು ಕಮ್ಮೀನೇ ಗೇಯೋದು ಕಣವ್ವ."

ಹಾಗಂದಳೇ ಹೊರತು, ಮಾರನೇ ಬೆಳಿಗ್ಗೆ ಹಾಲು ಕರೆಯುವಾಗ ಹಸುವಿನ ಕಿವಿಯೊಳಗಿನ ಉಣ್ಣೆಹುಳ ಕೂಡ ಕಂಡಿತು. ಅದನ್ನು ಸೊಸೆಗೆ ಹೇಳಲಿಲ್ಲ.

ಗುರುವಾರ ಸಂಜೆ ಹಾಲು ಕರೆದು ಸ್ವಿಚ್ಚು ಆರಿಸಿ ತಿರುಗಿ ನೋಡಿದರೆ, ಬಲ್ಬು ಪೂರ್ತಿ ಆರಿರಲಿಲ್ಲ. ಮಿಂಚುಹುಳದ ಹಾಗೆ ಮಿಣಮಿಣ ಅನ್ನುತ್ತಿತ್ತು. ಹಾಕಿದಳು, ಆರಿಸಿದಳು. ಅದೇ ಕತೆ. ಮಲಗಿದವನಂತೆ ಬಿದ್ದುಕೊಂಡು ಓರೆಗಣ್ಣಲ್ಲಿ ಮನೆ ಅಳೆಯುವ ಕಳ್ಳನ ಹಾಗೆ.

ಮರುದಿನ ಶುಕ್ರವಾರ. ಗಂಡ ಮನೆಗೆ ಕರೆಂಟು ಎಳೆಸಿದ ಕಾಲದಿಂದಲೂ ದ್ಯಾವಮ್ಮನದು ಒಂದು ಪದ್ಧತಿ. ಶುಕ್ರವಾರ ದೇವರ ದೀಪ ಬೆಳಗಿದ ಮೇಲೆ, ಸ್ವಿಚ್ಚು ಆರಿಸಿ, ಕೊಟ್ಟಿಗೆ ಬಲ್ಬನ್ನೂ ಹೋಲ್ಡರನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಎಣ್ಣೆಯದಾಗಲಿ ಕರೆಂಟಿನದಾಗಲಿ, ದೀಪ ದೀಪವೇ. ಇವತ್ತು ಮೇಲೆ ಹೋದ ಕೈ ಹಾಗೇ ಕೆಳಗಿಳಿಯಿತು. ಕಣ್ಣು ಮುಚ್ಚದ್ದನ್ನು ಮುಟ್ಟುವುದು ಹೇಗೆ?

"ವೈರಿಂಗ್ ತಿಮ್ಮರಾಜನ್ನ ಕರ್ಸವ್ವ. ನಿನ್ ಬಲ್ಬಿನ ಬಂಡವಾಳ ಬಯಲಾಗ್ಲಿ."

ತಿಮ್ಮರಾಜು ಕರೆದ ಕೂಡಲೇ ನಗುತ್ತ ಬಂದ. "ಏನ್ ದ್ಯಾವಕ್ಕ, ಬಲ್ಬಿಗೆ ದೆವ್ವ ಮೆಟ್ಕತಾ?"

"ತಮಾಸೆ ಬುಡ್ಲಾ. ಕದ್ದು ಕರೆಂಟು ಕುಡೀತಾ ಅದೆ, ನೋಡು."

ಅವನು ಸ್ವಿಚ್ಚು ಆರಿಸಿ, ಬಲ್ಬು ಬಿಚ್ಚಿ, ಹೋಲ್ಡರಿಗೆ ಟೆಸ್ಟರ್ ಇಟ್ಟ. ಟೆಸ್ಟರ್ ಕೆಂಪಗೆ ಹತ್ತಿಕೊಂಡಿತು. ತಿಮ್ಮರಾಜನ ನಗು ನಿಂತಿತು.

"ಬಲ್ಬು ಕಳ್ಳ ಅಲ್ಲ ಕಣಕ್ಕ. ಆವತ್ತು ವೈರು ಎಳೆದೋನು ಸ್ವಿಚ್ಚನ್ನ ತಪ್ಪು ತಂತಿಗೆ ಕೊಟ್ಟವ್ನೆ. ಆರ್ಸಿದ್ರೂ ಹೋಲ್ಡರಿಗೆ ಕರೆಂಟು ಬತ್ತಾನೇ ಅದೆ. ಅಳೇ ಬಲ್ಬಿಗೆ ಅಂಗೆ ಸೋರೋ ಒಂದು ಗುಟುಕು ಸಾಲ್ತಿರ್ಲಿಲ್ಲ, ಸುಮ್ಕಿರ್ತಿತ್ತು. ಇದು ಗುಟುಕಿಗೇ ಮಿಣುಕ್ತದೆ. ಯಾರೂ ಒದ್ದೆ ಕೈಲಿ ಮುಟ್ಟಿಲ್ಲ ತಾನೆ?"

ದ್ಯಾವಮ್ಮನ ಕೈಯಲ್ಲಿ ಒದ್ದೆ ಬಟ್ಟೆ ಇನ್ನೂ ತೊಟ್ಟಿಕ್ಕುತ್ತಿತ್ತು. ಮಳೆಗಾಲದಲ್ಲಿ ಬಲ್ಬು ಒರೆಸುವಾಗ ಒಂದೆರಡು ಸಲ ಬೆರಳು ಜುಂ ಅಂದಿತ್ತು. ವಯಸ್ಸಾಯಿತು, ನರ ಸೆಳೆಯುತ್ತದೆ ಅಂದುಕೊಂಡಿದ್ದಳು. ಶ್ವೇತ ಆ ಬಟ್ಟೆಯನ್ನು ಅತ್ತೆಯ ಕೈಯಿಂದ ಕಿತ್ತುಕೊಂಡಳು.

ತಿಮ್ಮರಾಜು ತಂತಿ ಸರಿಮಾಡಿ ಹೋದ. ಈಗ ಆರಿಸಿದರೆ ಬಲ್ಬು ಪೂರ್ತಿ ಆರುತ್ತಿತ್ತು. ಮುಸ್ಸಂಜೆ ದ್ಯಾವಮ್ಮ, ಹಳೇ ಸೀರೆಚೂರಲ್ಲಿ ಸುತ್ತಿಟ್ಟಿದ್ದ ಹಳೇ ಬಲ್ಬನ್ನು ಗೂಡಿನಿಂದ ತೆಗೆದಳು.

"ಇಷ್ಟು ವರ್ಸ ನಿನ್ ಮೈ ಒರೆಸ್ದೆ. ಒಂದ್ ಮಾತು ಏಳ್ಬಾರ್ದಾಗಿತ್ತಾ?"

ಆಮೇಲೆ ಸ್ವಿಚ್ಚು ಹಾಕಿ ಹೊಸ ಬಲ್ಬಿಗೆ ಕೈ ಮುಗಿದಳು. ತನ್ನ ಕಣ್ಣು ಮಾತ್ರ ಮುಚ್ಚಲಿಲ್ಲ.